ಗಾದ್ರಪ್ಪನ ಹೆಸರಿನ ಇಪ್ಪತ್ತೇಳು ದನ

ನ್ಯಾಮತಿಯ ಗಾದ್ರಪ್ಪನ ಹೆಸರಿನಲ್ಲಿ ಇಪ್ಪತ್ತೇಳು ದನಗಳಿವೆ ಎಂಬ ಸಂಗತಿ ಜಗಳೂರು ತಾಲ್ಲೂಕಿನ ಸೊಕ್ಕೆಗೆ ಮಂಗಳವಾರವೇ ಗೊತ್ತಾಯಿತು. ಗಾದ್ರಪ್ಪನಿಗೆ ಗೊತ್ತಾದದ್ದು ಶುಕ್ರವಾರ.

ಶುಕ್ರವಾರ ಬೆಳಿಗ್ಗೆ ಅವನು ಪಶು ಆಸ್ಪತ್ರೆಯ ಹಿತ್ತಲಿನಲ್ಲಿ ಒಂದು ಎಮ್ಮೆಯ ಜ್ವರ ನೋಡುತ್ತಿದ್ದ. ಎಮ್ಮೆಗೆ ಥರ್ಮಾಮೀಟರ್ ಎಲ್ಲಿಡುತ್ತಾರೆ ಎಂಬುದನ್ನು ಬಲ್ಲವರು ಬಲ್ಲರು. ಎಡಗೈಯಲ್ಲಿ ಬಾಲ, ಬಲಗೈಯಲ್ಲಿ ಥರ್ಮಾಮೀಟರ್, ಕಿವಿಗೂ ಭುಜಕ್ಕೂ ನಡುವೆ ಫೋನು. ಫೋನಿನ ಆ ಕಡೆ ತಿಪ್ಪೇಶಪ್ಪ ಮೇಷ್ಟ್ರು. ಮೇಷ್ಟ್ರು ನಿವೃತ್ತರಾದ ಮೇಲೆ ಗಂಡು ಹೆಣ್ಣು ಕೂಡಿಸುವ ಕೆಲಸಕ್ಕೆ ಇಳಿದಿದ್ದರು. ಪಾಠ ಮಾಡುವಾಗಿನ ದನಿಯನ್ನು ಮಾತ್ರ ಇಳಿಸಿರಲಿಲ್ಲ.

“ಗಾದ್ರಪ್ಪ, ನನ್ನ ಹತ್ರ ಏನೇನು ಮುಚ್ಚಿಟ್ಟಿದೀಯ, ಈಗ್ಲೇ ಹೇಳಿಬಿಡು.”

ಗಾದ್ರಪ್ಪ ಯೋಚಿಸಿದ. “ಎಡಗಡೆ ದವಡೆ ಹಲ್ಲು ಒಂದು ಹುಳುಕಾಗೈತೆ ಸರ್. ಹೆಣ್ಣು ನೋಡಾಕೆ ಹೋದಾಗ್ಲೇ ಹೇಳ್ಬೇಕಿತ್ತೇನೋ.”

“ಹಲ್ಲಲ್ಲ ಕಣೋ! ದನ! ಇಪ್ಪತ್ತೇಳು ದನ! ಜನ ಮೊದ್ಲ ಹೆಂಡ್ತಿನ ಮುಚ್ಚಿಡ್ತಾರೆ, ಸಕ್ಕರೆ ಕಾಯಿಲೆ ಮುಚ್ಚಿಡ್ತಾರೆ. ಮೂವತ್ತೊಂಬತ್ತು ಸಂಬಂಧ ಕೂಡಿಸೀನಿ ನಾನು. ದನ ಮುಚ್ಚಿಟ್ಟೋನ್ನ ಇದೇ ಮೊದ್ಲು ನೋಡಿದ್ದು.”

ಗಾದ್ರಪ್ಪನ ಕೈಯಿಂದ ಎಮ್ಮೆಯ ಬಾಲ ಜಾರಿತು. ಎಮ್ಮೆ ಆ ಬಾಲದಿಂದಲೇ ಅವನ ಕನ್ನಡಕವನ್ನು ನೆಲಕ್ಕೆ ಕೆಡವಿತು.

ಇಲ್ಲಿ ಕೆಲವು ವಿವರಗಳನ್ನು ಕೊಡಬೇಕು. ಗಾದ್ರಪ್ಪನಿಗೆ ಮೂವತ್ನಾಲ್ಕು ವರ್ಷ. ಹುದ್ದೆ, ಪಶುವೈದ್ಯಕೀಯ ಪರೀಕ್ಷಕ. ಜನರ ಬಾಯಲ್ಲಿ ದನದ ಡಾಕ್ಟ್ರು; ನಿಜವಾದ ಡಾಕ್ಟರ್ ಎದುರಿಗಿದ್ದಾಗ ಮಾತ್ರ ಕಂಪೌಂಡ್ರು. ಅವನು ತಪ್ಪು ಮಾಡದ ದಿನವಿರಲಿಲ್ಲ. ಆದರೆ ಅವನ ತಪ್ಪುಗಳಿಗೆ ಒಂದು ವಿಶೇಷವಿತ್ತು: ಪ್ರತಿಯೊಂದಕ್ಕೂ ಸರಿಯಾದ ಕಾರಣವಿರುತ್ತಿತ್ತು. ಎರಡು ಕಾಲಿಗೆ ಎರಡು ಬಗೆಯ ಚಪ್ಪಲಿ ಹಾಕಿಕೊಂಡು ಬಂದರೆ, ಒಂದನ್ನು ಆಸ್ಪತ್ರೆಯ ನಾಯಿಮರಿ ಕಡಿದಿರುತ್ತಿತ್ತು.

ಭಾನುವಾರಗಳಲ್ಲಿ ಅವನು ‘ಮೂಕಪ್ರಾಣಿ ಬಳಗ’ದ ಸ್ವಯಂಸೇವಕ. ಬಳಗದ ವಾಟ್ಸಾಪ್ ಗುಂಪಿನಲ್ಲಿ ಎಂಬತ್ತಾರು ಜನರಿದ್ದರು. ಬಾವಿಗೆ ಬಿದ್ದ ನಾಯಿಯ ಫೋಟೊ ಬಂದರೆ ಎಂಬತ್ತನಾಲ್ಕು ಜನ ಕೈಮುಗಿಯುವ ಚಿತ್ರ ಹಾಕುತ್ತಿದ್ದರು, ಇಬ್ಬರು ಹಗ್ಗ ತೆಗೆದುಕೊಂಡು ಹೋಗುತ್ತಿದ್ದರು. ಒಬ್ಬ ಗಾದ್ರಪ್ಪ, ಇನ್ನೊಬ್ಬ ಲಗೇಜ್ ಆಟೋದ ಜಾವೀದ್.

ಕಳೆದ ಸಲ ಕಾಲುಬಾಯಿ ಜ್ವರದ ಲಸಿಕೆ ಹಾಕುವಾಗ ಈ ಇಬ್ಬರೂ ಒಂದು ಭಾನುವಾರ ಪೂರ್ತಿ ಓಡಾಡಿ ಊರಿನ ಬೀದಿ ದನಗಳಿಗೂ ಸೂಜಿ ಚುಚ್ಚಿದರು. ಹತ್ತೊಂಬತ್ತು ಹಸು, ಆರು ಕರು, ಎರಡು ಗೂಳಿ. ಒಟ್ಟು ಇಪ್ಪತ್ತೇಳು. ಲಸಿಕೆ ಹಾಕಿದ ಮೇಲೆ ಕಿವಿಗೆ ಹನ್ನೆರಡು ಅಂಕಿಯ ಹಳದಿ ಓಲೆ ಹಾಕಬೇಕು, ಆ ಅಂಕಿಯನ್ನು ಇಲಾಖೆಯ ಆ್ಯಪ್‌ಗೆ ತುಂಬಬೇಕು. ಆ್ಯಪ್ ‘ಮಾಲೀಕರ ಹೆಸರು’ ಎಂದು ಕೇಳಿತು. ಗಾದ್ರಪ್ಪ ‘ಯಾರೂ ಇಲ್ಲ’ ಎಂದು ಬರೆದ. ಆ್ಯಪ್ ‘ಯಾರೂ ಇಲ್ಲ ಅವರ ಮೊಬೈಲ್ ಸಂಖ್ಯೆ’ ಕೇಳಿತು. ಹತ್ತು ಸೊನ್ನೆ ಒತ್ತಿದ. ಆ್ಯಪ್ ಕೆಂಪಗಾಯಿತು.

ಎರಡು ದಿನ ಬಿಟ್ಟು ಹೊನ್ನಾಳಿಯಲ್ಲಿ ಸಭೆ ಇತ್ತು. “ನನ್ನ ವ್ಯಾಪ್ತಿಯೊಳಗೆ ಓಲೆ ಇಲ್ಲದ ಒಂದು ಕಿವಿಯೂ ಇಲ್ಲ” ಎಂದು ಎದ್ದು ನಿಂತು ಹೇಳಬೇಕೆಂಬ ಆಸೆ ಅವನಿಗೆ ಬಹಳ ದಿನದಿಂದ ಇತ್ತು. ಆದ್ದರಿಂದ ತನ್ನದೇ ಹೆಸರು, ತನ್ನದೇ ಸಂಖ್ಯೆ ಹಾಕಿದ. ಇಪ್ಪತ್ತೇಳು ಸಲ ಹಾಕಿದ. ಸಭೆಯಲ್ಲಿ ಎದ್ದು ನಿಂತು ಹೇಳಿದ. ಚಪ್ಪಾಳೆ ಬಿತ್ತು. ಆಮೇಲೆ ಮರೆತ.

ಮರೆತ ಮೇಲೆ ಸೊಕ್ಕೆಯ ಸಂಬಂಧ ಬಂತು. ಹುಡುಗಿ ಪುಷ್ಪಾವತಿ, ಇಪ್ಪತ್ತೊಂಬತ್ತು ವರ್ಷ, ಜಗಳೂರಿನ ಖಾಸಗಿ ಶಾಲೆಯಲ್ಲಿ ಗಣಿತದ ಟೀಚರು. ತಂದೆ ದೊಡ್ಡಣ್ಣ, ತಾಯಿ ಇಲ್ಲ; ತಾಯಿಯ ಜಾಗದಲ್ಲಿ ದೊಡ್ಡಣ್ಣನ ತಂಗಿ ನಿರ್ಮಲಮ್ಮ. ಹೆಣ್ಣು ನೋಡಲು ಗಾದ್ರಪ್ಪ ತಾಯಿ ಉಚ್ಚಂಗಮ್ಮನ ಜೊತೆ ನಾಲ್ಕು ಬಸ್ಸು ಬದಲಾಯಿಸಿ ಹೋಗಿದ್ದ. ಹುಡುಗಿ ತಟ್ಟೆ ಹಿಡಿದು ಬಂದು ನಿಂತಾಗ ಅವನು ಅವಳ ಪಕ್ಕದಿಂದ ಹಣಿಕಿ ಅಂಗಳದ ಎತ್ತನ್ನು ನೋಡುತ್ತಿದ್ದ. “ಅದರ ಬಲಗಡೆ ಹಿಂಗಾಲಾಗೆ ಏನೋ ನೆಟ್ಟೈತೆ ನೋಡ್ರಿ” ಎಂದ. ದೊಡ್ಡಣ್ಣ ಹೋಗಿ ಗೊರಸು ಎತ್ತಿ ನೋಡಿದರೆ ಎರಡಿಂಚಿನ ಮೊಳೆ. ದೊಡ್ಡಣ್ಣನಿಗೆ ಹುಡುಗ ಅಲ್ಲೇ ಹಿಡಿಸಿದ. ನಿರ್ಮಲಮ್ಮನಿಗೆ ಅಲ್ಲೇ ಹಿಡಿಸಲಿಲ್ಲ.

ಬರುವಾಗ ಬಸ್ಸಿನಲ್ಲಿ ಉಚ್ಚಂಗಮ್ಮ ಕೇಳಿದಳು: “ಹುಡುಗಿ ಹೆಂಗೈದಾಳೋ?”

“ಚೆನ್ನಾಗೈದಾಳಮ್ಮ. ಕಣ್ಣು ಒಳ್ಳೆ ಹೊಳಪೈತೆ. ಮೂಗು ಒಣಗಿಲ್ಲ. ಜ್ವರಗಿರ ಏನಿಲ್ಲ.”

ತಾಯಿ ಹಣೆ ಚಚ್ಚಿಕೊಂಡಳು. ಆದರೆ ಮಗ ಒಂಬತ್ತು ಹುಡುಗಿಯರನ್ನು ನೋಡಿದವನು, ಒಬ್ಬಳ ಬಗ್ಗೆ ಇಷ್ಟು ಮಾತಾಡಿದ್ದು ಇದೇ ಮೊದಲು. ಆ ಮೇಲೆ ಅವನು ದಾವಣಗೆರೆಯವರೆಗೂ ಕಿಟಕಿಯ ಹೊರಗೆ ನೋಡುತ್ತ ಸುಮ್ಮನೆ ನಗುತ್ತಿದ್ದದ್ದನ್ನೂ ಅವಳು ಕಂಡಿದ್ದಳು.

ಇಂಥ ಸಂಬಂಧಕ್ಕೆ ಓಲೆ ಅಡ್ಡ ಬಂತು. ಸೊಕ್ಕೆಯ ಕಡೆ ಲಸಿಕೆ ಹಾಕುವವನೊಬ್ಬ ಇದ್ದ. ಹುಡುಗನ ಬಗ್ಗೆ ವಿಚಾರಿಸಿ ನೋಡು ಎಂದು ನಿರ್ಮಲಮ್ಮ ಅವನಿಗೆ ಗಾದ್ರಪ್ಪನ ಮೊಬೈಲ್ ಸಂಖ್ಯೆ ಕೊಟ್ಟಳು. ಅವನಿಗೆ ವಿಚಾರಿಸುವ ದಾರಿ ಗೊತ್ತಿದ್ದದ್ದು ಒಂದೇ. ಸಂಖ್ಯೆಯನ್ನು ಆ್ಯಪ್‌ಗೆ ಹಾಕಿದ. ಇಪ್ಪತ್ತೇಳು ದನ ಸಾಲಾಗಿ ಬಂದವು.

“ಸರ್ಕಾರಿ ನೌಕರಿ ಅಂತ ಹೇಳಿ ಕೊಟ್ಟಿಗೆಗೆ ತಳ್ಳೋ ಯೋಚ್ನೆ ಇವರದು” ಎಂದಳಂತೆ ನಿರ್ಮಲಮ್ಮ. “ಒಂದು ದನ ದಿನಕ್ಕೆ ಹತ್ತು ಕೆಜಿ ಸಗಣಿ ಹಾಕಿದ್ರೆ ಇಪ್ಪತ್ತೇಳಕ್ಕೆ ಎಷ್ಟಾತು? ಪುಷ್ಪಾ, ನೀನೇ ಲೆಕ್ಕದ ಟೀಚರಲ್ಲೇನೇ, ಹೇಳು.”

“ಇನ್ನೂರ ಎಪ್ಪತ್ತು ಅತ್ತೆ.”

“ಬಾಚೋರು ಯಾರು?”

ಇದನ್ನೆಲ್ಲ ತಿಪ್ಪೇಶಪ್ಪ ಮೇಷ್ಟ್ರು ಫೋನಿನಲ್ಲಿ ಇಬ್ಬರ ದನಿಯಲ್ಲೂ ಅಭಿನಯಿಸಿ ತೋರಿಸಿದರು. ಗಾದ್ರಪ್ಪ ಕನ್ನಡಕ ಹುಡುಕುತ್ತ, “ಕರು ಅಷ್ಟು ಹಾಕಲ್ಲ ಸರ್. ಆರು ಕರು ಅವೆ. ಇನ್ನೂರ ಮೂವತ್ತರ ಮೇಲೆ ಆಗಲ್ಲ” ಎಂದ. ಅವನ ಪಾಲಿಗೆ ಅದು ಸ್ಪಷ್ಟೀಕರಣ. ಮೇಷ್ಟ್ರ ಪಾಲಿಗೆ ಅದು ತಪ್ಪೊಪ್ಪಿಗೆ.

ಆಗ ಜಾವೀದ್ ಆಟೋದಲ್ಲಿ ಗಾಯದ ನಾಯಿಯೊಂದನ್ನು ತಂದು ಇಳಿಸುತ್ತಿದ್ದ. ಗೆಳೆಯನ ಮುಖ ನೋಡಿ ಫೋನು ಕಿತ್ತುಕೊಂಡ.

“ಮೇಷ್ಟ್ರೇ, ನಾನು ಜಾವೀದ್. ನೀವೇನೂ ಚಿಂತೆ ಮಾಡ್ಬ್ಯಾಡ್ರಿ. ಇವರ ಮನ್ಯಾಗೆ ಒಂದು ದನವೂ ಇಲ್ಲ. ಕೊಟ್ಟಿಗೆನೇ ಇಲ್ಲ. ಎಲ್ಲಾ ಬೀದಿಯಾಗೆ ಅದಾವೆ. ಸಂತೆ ಕೊಳೆತ ತರಕಾರಿ ತಿನ್ಕೊಂಡು ಅವೇ ಬದುಕ್ತವೆ. ಸಗಣಿನೂ ಬೀದಿಯಾಗೇ. ಹುಡುಗಿಗೆ ಒಂದು ಬುಟ್ಟಿ ಎತ್ತೋ ಕೆಲಸ ಇಲ್ಲ!”

ಗೆಳೆಯನನ್ನು ಉಳಿಸಿದೆನೆಂಬ ಹೆಮ್ಮೆಯಿಂದ ಫೋನು ಹಿಂದಿರುಗಿಸಿದ. ಮೇಷ್ಟ್ರು ಈ ಮಾತನ್ನು ಅಕ್ಷರ ಬಿಡದೆ ಸೊಕ್ಕೆಗೆ ಮುಟ್ಟಿಸಿದರು.

ಸೊಕ್ಕೆಯಲ್ಲಿ ಅಲ್ಲಿಯವರೆಗೆ ಬೇಸರವಿತ್ತು. ಈಗ ಸಿಟ್ಟು ಬಂತು. ದೊಡ್ಡಣ್ಣ ಮಳೆ ಕೈಕೊಟ್ಟ ವರ್ಷವೂ ಎತ್ತಿನ ಮೇವಿಗೆ ಕೊರತೆ ಮಾಡದ ಮನುಷ್ಯ. ಹುಡುಗ ಕುಡಿಯುತ್ತಾನೆ ಎಂದಿದ್ದರೆ ಬುದ್ಧಿ ಹೇಳೋಣ ಎನ್ನುತ್ತಿದ್ದನೇನೋ. ತನ್ನ ದನವನ್ನು ಬೀದಿಗೆ ಬಿಟ್ಟಿದ್ದಾನೆ ಎಂದ ಕೂಡಲೆ ಎದ್ದು ನಿಂತ.

“ಹಾಲು ಬತ್ತಿದ ಹಸುನ ಪ್ಲಾಸ್ಟಿಕ್ ತಿನ್ನಾಕೆ ಬಿಡೋನು, ನಾಳೆ ನನ್ನ ಮಗಳು ಕಾಯಿಲೆ ಬಿದ್ರೆ ಎಲ್ಲಿ ಬಿಡ್ತಾನೆ? ಮೇಷ್ಟ್ರೇ, ಈ ಮಾತು ಇಲ್ಲಿಗೆ ಬಿಡ್ರಿ.”

ಬಿಡಲಿಲ್ಲ. ಪುಷ್ಪಾವತಿ ಬಿಡಗೊಡಲಿಲ್ಲ. “ಅಪ್ಪಾ, ಎತ್ತಿನ ಕಾಲಾಗೆ ಮೊಳೆ ಕಂಡೋನು ಅದೆಂಗೆ ಬೀದಿಗೆ ಬಿಡ್ತಾನೆ? ಲೆಕ್ಕ ತಾಳೆ ಆಗ್ತಿಲ್ಲ. ಹೆಂಗಿದ್ರೂ ಮನೆ ನೋಡಾಕೆ ಹೋಗೋದು ಮುಂದಿನ ಭಾನುವಾರ ಅಂತ ಆಗೈತೆ. ಹೋಗಿ ಕೇಳೋಣ. ನಾನೂ ಬರ್ತೀನಿ.”

“ಗಂಡಿನ ಮನೆ ನೋಡಾಕೆ ಹೆಣ್ಣು ಹೋಗೋದು ಎಲ್ಲೈತೆ ಪದ್ಧತಿ?” ಎಂದಳು ನಿರ್ಮಲಮ್ಮ.

“ಅಲ್ಲಿ ಬದುಕೋಳು ನಾನು. ನೋಡೋರು ನೀವಾ ಅತ್ತೆ?”

ನ್ಯಾಮತಿಯಲ್ಲಿ ಗಾದ್ರಪ್ಪ ಡಾಕ್ಟರ್ ಜ್ಯೋತಿಲಕ್ಷ್ಮಿಯವರ ಮುಂದೆ ಕೈಕಟ್ಟಿ ನಿಂತಿದ್ದ. ಡಾಕ್ಟರು ಕಡಿಮೆ ಮಾತಿನವರು. ಆ್ಯಪ್ ತೆರೆದು ನೋಡಿ ಹೇಳಿದರು:

“ಒಂದು ಸಲ ಹೆಸರು ಕೂತ ಮೇಲೆ ತೆಗೆಯೋದಕ್ಕೆ ಎರಡೇ ದಾರಿ ಗಾದ್ರಪ್ಪ. ಒಂದು, ಬೇರೆಯವರ ಹೆಸರಿಗೆ ವರ್ಗ ಮಾಡಬೇಕು. ಇಲ್ಲ, ದನ ಸತ್ತಿದೆ ಅಂತ ನಮೂದಿಸಬೇಕು. ಸಾಯದೆ ಇರೋದನ್ನ ಸತ್ತಿದೆ ಅಂತ ಬರೆಯಿರಿ ಅಂತ ನಾನು ಹೇಳೋದಿಲ್ಲ. ಬೇರೆ ಯಾರಾದ್ರೂ ಸಿಗ್ತಾರಾ ನೋಡಿ.”

ಗಾದ್ರಪ್ಪ ನೋಡಿದ. ಪಕ್ಕದ ಮನೆಯ ಸಾವಂತ್ರಮ್ಮ ಎರಡು ಹೊತ್ತೂ ಬೀದಿ ಹಸುಗಳಿಗೆ ಅಕ್ಕಿ ತೊಳೆದ ನೀರು ಇಡುತ್ತಿದ್ದಳು. “ನೀರು ಬೇಕಾದ್ರೆ ಇಡ್ತೀನಿ ಕಣಪ್ಪ. ಹೆಸರು ಮಾತ್ರ ಕೇಳ್ಬ್ಯಾಡ. ನನ್ನ ಹೆಸರಾಗೆ ರೇಷನ್ ಕಾರ್ಡ್ ಐತೆ” ಎಂದಳು. ಜಾವೀದನನ್ನು ಕೇಳಿದ.

“ನಿಂಗೋಸ್ಕರ ಪ್ರಾಣ ಬೇಕಾದ್ರೂ ಕೊಡ್ತೀನಿ ಮಾರಾಯ” ಎಂದ ಜಾವೀದ್. “ಆದ್ರೆ ಇಪ್ಪತ್ತೇಳು ದನ ನನ್ನ ಹೆಸರಿಗೆ ಬರೆದ್ರೆ ನಾಳೆ ಬೇರೇನೇ ಪಂಚಾಯ್ತಿ ಶುರುವಾಗ್ತೈತೆ. ನೀನು ಅಮಾಯಕ, ನಿಂಗೆ ತಿಳಿಯಲ್ಲ. ಸತ್ತವೆ ಅಂತ ಒತ್ತಿಬಿಡು. ಆ್ಯಪ್‌ನಾಗೆ ಸಾಯ್ತವೆ, ಬೀದಿಯಾಗೆ ಬದುಕಿರ್ತವೆ. ಯಾರಿಗೇನು ನಷ್ಟ?”

ತಿಪ್ಪೇಶಪ್ಪ ಮೇಷ್ಟ್ರದೂ ಇದೇ ಸಲಹೆ. “ಇಪ್ಪತ್ತೇಳು ಸಲ ಬೆರಳು ಒತ್ತೋದು ಕಣೋ, ಅಷ್ಟೇ. ಹೆಂಡ್ತಿ ಬೇಕೋ ಬ್ಯಾಡ್ವೋ?”

ಬೇಕಿತ್ತು. ಆದ್ದರಿಂದ ಗಾದ್ರಪ್ಪ ಬುಧವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ತರಕಾರಿ ಮಾರುಕಟ್ಟೆಗೆ ಹೋದ. ಓಲೆಯ ಅಂಕಿಯನ್ನು ನೋಡಿಯೇ ಒತ್ತಬೇಕು, ತಪ್ಪಾಗಬಾರದು ಎಂಬುದು ಅವನ ನಿಯಮ. ಸುಳ್ಳು ಬರೆಯುವುದಾದರೂ ನಿಖರವಾಗಿರಬೇಕು. ಮೊದಲು ಸಿಕ್ಕಿದ್ದು ಒಂಟಿ ಕೊಂಬಿನ ಕೆಂದ ಹಸು. ಹೋದ ವರ್ಷ ಲಾರಿ ತಾಗಿ ಕೊಂಬು ಮುರಿದಾಗ ಅದಕ್ಕೆ ಹದಿನೆಂಟು ದಿನ ಪಟ್ಟಿ ಕಟ್ಟಿದವನು ಅವನೇ. ಅಂಕಿ ಒತ್ತಿದ. ಆ್ಯಪ್ ಕೇಳಿತು: ‘ಮರಣದ ಕಾರಣ?’

ಗಾದ್ರಪ್ಪ ಹಸುವಿನ ಮುಖ ನೋಡಿದ. ಹಸು ಅವನ ಅಂಗಿಯ ಜೇಬು ನೆಕ್ಕಿತು. ಆ್ಯಪ್ ಕೊಟ್ಟಿದ್ದ ಹನ್ನೊಂದು ಕಾರಣಗಳನ್ನು ಅವನು ಒಂದೊಂದಾಗಿ ಓದಿದ. ಒಂದೂ ಅದಕ್ಕೆ ಹೊಂದುತ್ತಿರಲಿಲ್ಲ. ಅದಕ್ಕೆ ಇದ್ದದ್ದು ಒಂದಿಷ್ಟು ಉಣ್ಣಿಯ ತೊಂದರೆ ಮಾತ್ರ. ಫೋನು ಜೇಬಿಗೆ ಹಾಕಿ, ಉಣ್ಣಿ ಕಿತ್ತು, ಊಟ ಮಾಡುವುದನ್ನು ಮರೆತು ಆಸ್ಪತ್ರೆಗೆ ಹೋದ.

ಇಷ್ಟು ಹೊತ್ತಿಗೆ ಸುದ್ದಿ ಊರಲ್ಲೂ ಹರಡಿತ್ತು. ಊರಿನ ಸ್ವಚ್ಛತೆ ನೋಡಿಕೊಳ್ಳುವ ಆರೋಗ್ಯ ನಿರೀಕ್ಷಕ ರಘುನಾಥ ಸೈಕಲ್ ಏರಿ ಗಾದ್ರಪ್ಪನ ಮನೆಗೇ ಬಂದ. ಅವನ ಕಣ್ಣಿನಲ್ಲಿ ನೀರಿತ್ತು ಎಂದು ಸಾವಂತ್ರಮ್ಮ ಆಮೇಲೆ ಹೇಳಿದಳು.

“ಗಾದ್ರಪ್ಪನೋರೇ, ಹದಿನಾಲ್ಕು ವರ್ಷ ಆತು. ಈ ದನಗಳ ಮಾಲೀಕರು ಯಾರು ಯಾರು ಅಂತ ಹುಡುಕಿ ಹುಡುಕಿ ಸಾಕಾಗಿತ್ತು. ಕೇಳಿದೋರೆಲ್ಲ ನಮ್ಮದಲ್ಲ, ನಮ್ಮದಲ್ಲ ಅಂತಿದ್ರು. ನೀವೊಬ್ರು ಧೈರ್ಯವಾಗಿ ಹೆಸರು ಕೊಟ್ರಲ್ಲ! ಇಂಥ ನಾಗರಿಕರು ಎಲ್ಲಿ ಸಿಗ್ತಾರೆ?” ಎಂದು ಎರಡೂ ಕೈಯಿಂದ ಗಾದ್ರಪ್ಪನ ಕೈ ಕುಲುಕಿದ. ಆ ಮೇಲೆ ಅದೇ ಕೈಗೆ ನೋಟಿಸು ಕೊಟ್ಟ. ಶನಿವಾರದೊಳಗೆ ದನಗಳನ್ನು ಬೀದಿಯಿಂದ ತೆಗೆದು ಸ್ವಂತ ಜಾಗದಲ್ಲಿ ಕಟ್ಟಿಕೊಳ್ಳಬೇಕು ಎಂದಿತ್ತು.

“ಕಟ್ಟಾಕೆ ಜಾಗ ಎಲ್ಲೈತೆ ರಘುನಾಥ? ಇರೋದು ಎರಡು ಕೋಣೆ, ಅದೂ ಬಾಡಿಗೆದು.”

“ಅದು ಮಾಲೀಕರ ವಿಚಾರ. ನಾನು ಮೂಗು ತೂರಿಸಬಾರದು.”

ಭಾನುವಾರ ಬಂತು. ಉಚ್ಚಂಗಮ್ಮ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮನೆ ಮುಂದೆ ರಂಗೋಲಿ ಬಿಟ್ಟಳು. ಒಗ್ಗರಣೆ ಹಾಕಿದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಗೆ ಹಿಟ್ಟು, ಟೀಗೆ ಹಾಲು ಎಲ್ಲ ಅಣಿಯಾಗಿತ್ತು. ಗಾದ್ರಪ್ಪನಿಗೆ ಬಿಳಿ ಅಂಗಿ ಹಾಕಿಸಿ ಬಾಗಿಲ ಮುಂದೆ ಕುರ್ಚಿಯ ಮೇಲೆ ಕೂರಿಸಿ, “ಅವರು ಹೋಗೋವರೆಗೆ ಏಳ್ಬ್ಯಾಡ. ಏನನ್ನೂ ಮುಟ್ಬ್ಯಾಡ. ಬಂದ ಮೇಲೆ ಅವರ ದನದ ವಿಚಾರ ಕೇಳ್ಬ್ಯಾಡ” ಎಂದು ಕಟ್ಟಪ್ಪಣೆ ಮಾಡಿದಳು.

ಹನ್ನೊಂದು ಗಂಟೆಗೆ ತಿಪ್ಪೇಶಪ್ಪ ಮೇಷ್ಟ್ರ ಹಿಂದೆ ದೊಡ್ಡಣ್ಣ, ನಿರ್ಮಲಮ್ಮ, ಪುಷ್ಪಾವತಿ ಬಸ್ ನಿಲ್ದಾಣದಿಂದ ನಡೆದು ಬಂದರು. ನಿರ್ಮಲಮ್ಮನ ಕೈಯಲ್ಲಿ ಮೂಸಂಬಿಯ ಚೀಲ. ಮುಖ ನೋಡಿದರೆ ಚೀಲವನ್ನು ವಾಪಸು ಒಯ್ಯುವ ಯೋಚನೆಯೂ ಇದ್ದಂತಿತ್ತು. ಹೊರಗಿನ ಜಗಲಿಯ ಮೇಲೆ ಕೂತರು. ದೊಡ್ಡಣ್ಣ ನೀರಿನ ಲೋಟ ಮುಟ್ಟಲಿಲ್ಲ.

“ಮೊದ್ಲು ಒಂದು ಮಾತು. ಆ ದನ ನಿಮ್ಮವಾ, ಅಲ್ವಾ?”

“ಹೆಸರು ನಂದು” ಎಂದ ಗಾದ್ರಪ್ಪ. “ದನ ನಂದಲ್ಲ.”

“ಕೇಳಿದ್ಯಾ ಅಣ್ಣ?” ಎಂದಳು ನಿರ್ಮಲಮ್ಮ. “ನಾಳೆ ಲಗ್ನಪತ್ರಿಕೆಯಾಗೆ ಹೆಸರು ಮಾತ್ರ ನಂದು, ಹೆಂಡ್ತಿ ನಂದಲ್ಲ ಅಂತಾನೆ!”

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಗೊರಸುಗಳ ಸದ್ದು ಕೇಳಿಸಿತು. ನೋಟಿಸಿನ ಗಡುವು ಶನಿವಾರಕ್ಕೆ ಮುಗಿದಿತ್ತು. ರಘುನಾಥ ರಜೆಯ ದಿನವೆಂದೂ ನೋಡದೆ, ಸೈಕಲ್ಲಿಗೆ ಎಲೆಕೋಸಿನ ಮೂಟೆ ಕಟ್ಟಿಕೊಂಡು, ಒಂದೊಂದೇ ಎಲೆ ಹಿಂದಕ್ಕೆ ಎಸೆಯುತ್ತ ಬರುತ್ತಿದ್ದ. ಅವನ ಹಿಂದೆ ಹತ್ತೊಂಬತ್ತು ಹಸು, ಆರು ಕರು, ಎರಡು ಗೂಳಿ. ಅವುಗಳ ಹಿಂದೆ ಜಾವೀದನ ಆಟೋ, ಅರ್ಧ ಊರು.

“ಗಾದ್ರಪ್ಪನೋರೇ, ನಿಮ್ಮ ಆಸ್ತಿ ತಂದೀನಿ! ಎಣಿಸಿಕೊಂಡು ಒಂದು ಸಹಿ ಹಾಕಿ!”

ಗಾದ್ರಪ್ಪ ಕುರ್ಚಿಯಿಂದ ಏಳಬಾರದು ಎಂಬ ಅಪ್ಪಣೆಯಿತ್ತು. ದನಗಳಿಗೆ ಯಾವ ಅಪ್ಪಣೆಯೂ ಇರಲಿಲ್ಲ. ಅವು ಬಿಳಿ ಅಂಗಿಯವನನ್ನು ನೋಡಿ ಗುರುತು ಹಿಡಿದವು. ಗೂಳಿಯೊಂದು ರಂಗೋಲಿಯ ಮೇಲೆ ನಿಂತು ಕತ್ತು ತುರಿಸಲು ಮುಂದೆ ಮಾಡಿತು. ಕರುವೊಂದು ಅವನ ಹೆಬ್ಬೆರಳು ಚೀಪಿತು. ಗಾದ್ರಪ್ಪ ಕೂತಲ್ಲಿಂದಲೇ ಒಂದರ ಕಣ್ಣಿನ ಪಿಸುರು ಒರೆಸಿದ, ಇನ್ನೊಂದರ ಕಿವಿಯೊಳಗೆ ಇಣುಕಿದ. ದೊಡ್ಡಣ್ಣ ಇದನ್ನು ನೋಡುತ್ತಿದ್ದ.

“ಅಯ್ಯೋ, ನನ್ನ ಚೀಲ!” ಎಂದು ಕಿರುಚಿದಳು ನಿರ್ಮಲಮ್ಮ.

ಒಂಟಿ ಕೊಂಬಿನ ಕೆಂದ ಹಸು ಜಗಲಿಯ ಮೇಲಿದ್ದ ಚೀಲಕ್ಕೆ ಮೂತಿ ಹಾಕಿತ್ತು. ನಿರ್ಮಲಮ್ಮ ಚೀಲ ಎಳೆದುಕೊಂಡಳು. ಹಸು ಗಾಬರಿಯಲ್ಲಿ ಬಾಯಲ್ಲಿದ್ದ ಮೂಸಂಬಿಯನ್ನು ಇಡಿಯಾಗಿ ನುಂಗಿತು.

ಎರಡು ನಿಮಿಷ ಯಾರಿಗೂ ಏನೂ ವ್ಯತ್ಯಾಸ ಕಾಣಲಿಲ್ಲ. ಆ ಮೇಲೆ ಹಸು ಕತ್ತು ಮುಂದಕ್ಕೆ ಚಾಚಿತು. ಬಾಯಿಂದ ಜೊಲ್ಲು ಹಗ್ಗದಂತೆ ಇಳಿಯಿತು. ಎಡಗಡೆ ಹೊಟ್ಟೆ ಉಬ್ಬತೊಡಗಿತು. ಗಾದ್ರಪ್ಪ ಎದ್ದ. ಹಾಗೆ ಎದ್ದವನು ಇಷ್ಟು ಹೊತ್ತು ಕುರ್ಚಿಯಲ್ಲಿ ಕೂತಿದ್ದವನಲ್ಲ ಎಂದು ಆಮೇಲೆ ಸಾವಂತ್ರಮ್ಮ ಇಡೀ ಬೀದಿಗೆ ಹೇಳಿದಳು.

“ಜಾವೀದ್, ಡಾಕ್ಟ್ರ ಮನೆಗೆ ಓಡು! ಗಂಟಲಾಗೆ ಹಣ್ಣು ಸಿಕ್ಕೈತೆ, ಹೊಟ್ಟೆ ಉಬ್ಬುತೈತೆ ಅಂತ ಹೇಳಿ ಕರ್ಕೊಂಡು ಬಾ. ಅಮ್ಮ, ಲಟ್ಟಣಿಗೆ ಕೊಡು! ಅಣ್ಣಾರೇ, ನೀವು ಕೊಂಬು ಹಿಡೀರಿ, ಮೂಗಿನ ಹೊಳ್ಳೆಗೆ ಬೆರಳು ಹಾಕಿ ಗಟ್ಟಿಯಾಗಿ ಹಿಡೀರಿ!”

ಅಣ್ಣಾರು ಎಂದು ಕರೆಸಿಕೊಂಡವನು ಭಾವಿ ಮಾವ ದೊಡ್ಡಣ್ಣ. ಅವನು ಪಂಚೆ ಎತ್ತಿಕಟ್ಟಿ ಕೊಂಬು ಹಿಡಿದಾಗಿತ್ತು. ಲಟ್ಟಣಿಗೆಯನ್ನು ಹಸುವಿನ ಬಾಯಿಗೆ ಅಡ್ಡ ಕೊಟ್ಟು ರಘುನಾಥನ ಕೈಗೆ ಹಿಡಿಸಿದ ಗಾದ್ರಪ್ಪ, ನಾಲಿಗೆಯನ್ನು ಪಕ್ಕಕ್ಕೆ ಎಳೆದು ಒಳಗೆ ಕೈ ಹಾಕಿದ. ದವಡೆ ಹಲ್ಲಿನ ಹತ್ತಿರ ಕೈ ನಿಂತುಬಿಟ್ಟಿತು. ಅವನ ಅಂಗೈ ಮೊರದಗಲ. ಮತ್ತೆ ತಳ್ಳಿದ, ಮುಂಗೈ ತರಚಿ ರಕ್ತ ಬಂತು.

“ನಾನು ಹೊರಗಿನಿಂದ ಹಣ್ಣನ್ನ ಮೇಲಕ್ಕೆ ಒತ್ತುತೀನಿ. ಯಾರಾದ್ರೂ ಒಳಗಿನಿಂದ ಹಿಡ್ಕಬೇಕು. ಸಣ್ಣ ಕೈ ಬೇಕು! ಬೇಗ!”

ಪಕ್ಕದಲ್ಲಿ ಒಂದು ಕೈ ಬಂತು. ಗಾದ್ರಪ್ಪ ಹಸುವಿನ ಕತ್ತಿನಿಂದ ಕಣ್ಣು ತೆಗೆಯದೆ ಗದರಿದ. “ಬಳೆ ತೆಗೀರಿ ಸಾವಂತ್ರಮ್ಮ! ಬಳೆ ಹಾಕ್ಕೊಂಡು ಹೋದ್ರೆ ಗಂಟಲು ಸೀಳ್ತೈತೆ!”

“ಅಯ್ಯಯ್ಯೋ!” ಎಂದಳು ನಿರ್ಮಲಮ್ಮ. “ಮನೆ ನೋಡಾಕೆ ಬಂದ ದಿನ ಬಳೆ ತೆಗಿ ಅಂತಾನಲ್ಲೋ ಅಣ್ಣ! ಇದಕ್ಕಿಂತ ಅಪಶಕುನ ಉಂಟಾ? ಪುಷ್ಪಾ, ತೆಗೀಬ್ಯಾಡ!”

ಹಸಿರು ಬಳೆಗಳು ಒಂದೊಂದಾಗಿ ಜಗಲಿಯ ಮೇಲೆ ಬಿದ್ದವು. ಕೈ ಹಸುವಿನ ಬಾಯೊಳಗೆ ಹೋಯಿತು.

“ಹೆದರ್ಬ್ಯಾಡ್ರಿ. ನಾಲಿಗೆ ಬುಡ ದಾಟ್ರಿ. ಇನ್ನೂ ಮುಂದೆ. ಹಲ್ಲಿನ ಕಡೆ ಹೋಗ್ಬ್ಯಾಡ್ರಿ, ಮಧ್ಯದಾಗೇ ಹೋಗ್ರಿ. ಸಿಗ್ತಾ?”

“ದುಂಡಗೆ ಏನೋ ತಾಗ್ತೈತೆ. ಜಾರುತೈತೆ.”

“ಜಾರಲಿ. ನಾನು ಒತ್ತಿದಾಗ ಹಿಂದಿನಿಂದ ಬೆರಳು ಕೊಕ್ಕೆ ಮಾಡ್ರಿ. ಒಂದು, ಎರಡು…”

ಗಾದ್ರಪ್ಪ ಹಸುವಿನ ಕತ್ತಿಗೆ ಎರಡೂ ಹೆಬ್ಬೆರಳು ಕೊಟ್ಟು ಮೇಲಕ್ಕೆ ಒತ್ತಿದ. ಹಸು ಕೊಸರಿತು. ದೊಡ್ಡಣ್ಣ ಕೊಂಬಿಗೆ ಜೋತುಬಿದ್ದ. ರಘುನಾಥ ಲಟ್ಟಣಿಗೆ ಬಿಡದೆ ದೇವರ ಹೆಸರುಗಳನ್ನೆಲ್ಲ ಕರೆದ. ಮೂರನೆಯ ಸಲಕ್ಕೆ ಕೈ ಹೊರಬಂತು. ಮೊಣಕೈವರೆಗೆ ಜೊಲ್ಲು, ಮುಷ್ಟಿಯಲ್ಲಿ ಮೂಸಂಬಿ. ಹಸು ಒಂದು ದೀರ್ಘವಾದ ತೇಗು ಬಿಟ್ಟಿತು. ಅದು ನೇರವಾಗಿ ನಿರ್ಮಲಮ್ಮನ ಮುಖಕ್ಕೆ ಹೋಯಿತು.

ಅರ್ಧ ಊರು ಚಪ್ಪಾಳೆ ತಟ್ಟಿತು. ಗಾದ್ರಪ್ಪ ಹೊಟ್ಟೆ ಇಳಿಯುವುದನ್ನು ಕೈಯಿಟ್ಟು ನೋಡಿ, “ಗೆದ್ರಿ ಸಾವಂತ್ರಮ್ಮ!” ಎಂದು ತಿರುಗಿದ. ಸಾವಂತ್ರಮ್ಮ ತನ್ನ ಮನೆಯ ಕಟ್ಟೆಯ ಮೇಲೆ ಕೂತು ಚಪ್ಪಾಳೆ ತಟ್ಟುತ್ತಿದ್ದಳು. ಅವನ ಪಕ್ಕದಲ್ಲಿ ನಿಂತಿದ್ದವಳು ಪುಷ್ಪಾವತಿ. ರಘುನಾಥ ಜೇಬಿನಿಂದ ಸಹಿ ಹಾಕಿಸಬೇಕಾಗಿದ್ದ ಕಾಗದ ತೆಗೆದು, “ತಗೊಳ್ರವ್ವ, ಕೈ ಒರೆಸ್ಕೊಳ್ಳಿ” ಎಂದ. ಅವಳು ಒರೆಸಿಕೊಂಡಳು.

ಜ್ಯೋತಿಲಕ್ಷ್ಮಿ ಡಾಕ್ಟರು ಜಾವೀದನ ಆಟೋದಲ್ಲಿ ಬಂದು, ಹಸುವನ್ನು ನೋಡಿ, “ಕೆಲಸ ಮುಗಿದಿದೆ” ಎಂದರು. ರಘುನಾಥನನ್ನು ಪಕ್ಕಕ್ಕೆ ಕರೆದು, ಬೀದಿ ದನಕ್ಕೆ ಹೆಸರು ಯಾಕೆ ಬಂತು ಎಂಬುದನ್ನು ನಾಲ್ಕು ವಾಕ್ಯದಲ್ಲಿ ಹೇಳಿದರು. ಜಗಲಿಯ ಮೇಲಿದ್ದವರಿಗೂ ಅದು ಕೇಳಿಸಿತು. ರಘುನಾಥ ಮುಖ ಸಣ್ಣದು ಮಾಡಿಕೊಂಡ. ಹದಿನಾಲ್ಕು ವರ್ಷಕ್ಕೆ ಸಿಕ್ಕ ಒಬ್ಬ ಮಾಲೀಕನೂ ಕೈತಪ್ಪಿದ್ದ. ಸೈಕಲ್ ತಿರುಗಿಸಿ, ಉಳಿದ ಎಲೆಕೋಸನ್ನು ಎಸೆಯುತ್ತ ದನಗಳನ್ನು ಬಂದ ದಾರಿಯಲ್ಲೇ ಕರೆದೊಯ್ದ. ಕೆಂದ ಹಸು ಮಾತ್ರ ಗೋಡೆಯ ನೆರಳಿನಲ್ಲಿ ಮಲಗಿ ಮೆಲುಕು ಹಾಕತೊಡಗಿತು. ಉಚ್ಚಂಗಮ್ಮ ನೆಂಟರನ್ನು ಒಳಗೆ ಕರೆದು ತಿಂಡಿಗೆ ಕೂರಿಸಿದಳು.

ಪುಷ್ಪಾವತಿ ಬಚ್ಚಲಿನ ಕಲ್ಲಿನ ಮೇಲೆ ಮೂರನೆಯ ಸಲ ಸೋಪು ಹಚ್ಚಿ ಕೈ ತೊಳೆಯುತ್ತಿದ್ದಳು. ಗಾದ್ರಪ್ಪ ತಂಬಿಗೆಯಿಂದ ನೀರು ಹಾಕುತ್ತಿದ್ದ. ಅರ್ಧ ನೀರು ಅವಳ ಕೈಗೆ, ಅರ್ಧ ಅವನ ಕಾಲಿಗೆ.

“ಒಂದು ಕೇಳ್ಲಾ?” ಎಂದಳು. “ಸತ್ತವೆ ಅಂತ ಬರೆದಿದ್ರೆ ಎಲ್ಲ ಸಲೀಸಾಗ್ತಿತ್ತಂತೆ. ಮೇಷ್ಟ್ರು ಬಸ್ಸಿನಾಗೆ ಹೇಳಿದ್ರು. ಯಾಕೆ ಬರೀಲಿಲ್ಲ?”

ಗಾದ್ರಪ್ಪ ತಂಬಿಗೆಯನ್ನು ನೋಡಿದ, ಗೋಡೆಯ ಕಡೆ ನೋಡಿದ. ಇಷ್ಟು ಸರಳವಾದ ಪ್ರಶ್ನೆ ಕೇಳುತ್ತಾಳೆಂದು ಅವನು ಎಣಿಸಿರಲಿಲ್ಲ.

“ಬದುಕಿದಾವಲ್ರೀ” ಎಂದ.

ಪುಷ್ಪಾವತಿ ಕೈಯ ನೀರು ಕೊಡವಿದಳು. ಸೆರಗಿಗೆ ಕೈ ಒರೆಸಿಕೊಂಡಳು. “ಹೆಸರು ಹಂಗೇ ಇರ್ಲಿ ಬಿಡ್ರಿ” ಎಂದಳು. “ಯಾರದಾದ್ರೂ ಒಂದು ಹೆಸರು ಇರ್ಬೇಕಲ್ಲ ಅವಕ್ಕೆ.”

ಒಳಗೆ ಬಂದು ಅವಳು ನೆಟ್ಟಗೆ ಉಚ್ಚಂಗಮ್ಮನ ಮುಂದೆ ನಿಂತಳು.

“ಅಮ್ಮ, ಹಸಿವಾಗೈತೆ. ಊಟಕ್ಕೆ ಏನು ಮಾಡೀರಿ?”

ಉಚ್ಚಂಗಮ್ಮನ ಕೈಯಲ್ಲಿದ್ದ ಬಜ್ಜಿಯ ಜಾಲರಿ ಅಲ್ಲೇ ಉಳಿಯಿತು. ಮೇಷ್ಟ್ರು ಮಂಡಕ್ಕಿ ಅಗಿಯುವುದನ್ನು ನಿಲ್ಲಿಸಿದರು. ಮೊದಲು ದನಿ ಬಂದದ್ದು ನಿರ್ಮಲಮ್ಮನಿಗೆ.

“ಏ ಹುಡುಗಿ! ತಿಂಡಿ ತಿಂದು ಎದ್ದು ಹೋಗೋದು ಪದ್ಧತಿ. ಸಂಬಂಧ ಒಪ್ಪದೆ ಗಂಡಿನ ಮನ್ಯಾಗೆ ಅನ್ನ ಉಣ್ಣಂಗಿಲ್ಲ ಕಣೇ!”

“ಅದು ನಂಗೆ ಗೊತ್ತೈತೆ ಅತ್ತೆ. ಅದಕ್ಕೇ ಕೇಳಿದ್ದು.”

ಉಚ್ಚಂಗಮ್ಮನ ಕಣ್ಣು ತುಂಬಿ ಬಂತು. ಮರುಗಳಿಗೆಯೇ ಅವಳಿಗೆ ಇನ್ನೊಂದು ಸತ್ಯ ಹೊಳೆಯಿತು: ಬಂದವರು ಊಟ ಮಾಡುವುದಿಲ್ಲವೆಂದು ಅವಳು ಒಲೆಯ ಮೇಲೆ ಅಕ್ಕಿಯನ್ನೇ ಇಟ್ಟಿರಲಿಲ್ಲ. “ಸಾವಂತ್ರಮ್ಮಾ! ನಿಮ್ಮ ಮನ್ಯಾಗೆ ಏನೈತೆ? ಮುದ್ದೆ ಆದ್ರೂ ಆಗ್ಲಿ, ತಾರೇ!” ಎಂದು ಕಿಟಕಿಯಲ್ಲಿ ಕೂಗಿದಳು. ಜಾವೀದ್ ಬಾಳೆಲೆ ತರಲು ಆಟೋ ತಿರುಗಿಸಿದ.

ಇಡೀ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯದವನು ಒಬ್ಬನೇ ಇದ್ದ. ಗಾದ್ರಪ್ಪ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತು ತಾಯಿಗೆ ಬುದ್ಧಿ ಹೇಳಿದ.

“ಅಮ್ಮ, ಬಲವಂತ ಮಾಡ್ಬ್ಯಾಡ. ಅವರ ಪದ್ಧತಿ ಪ್ರಕಾರ ಊಟ ಮಾಡಂಗಿಲ್ಲ ಅಂತ ಹೇಳ್ತಿದಾರಲ್ಲ. ಒಂದೂವರೆಗೆ ಹೊನ್ನಾಳಿ ಬಸ್ಸೈತೆ. ಈಗ ಹೊರಟ್ರೆ ಸೀಟೂ ಸಿಗ್ತೈತೆ.”

ದೊಡ್ಡಣ್ಣ ಹುಡುಗನನ್ನು ಕಾಲಿಂದ ತಲೆಯವರೆಗೆ ನೋಡಿದ. ಬಿಳಿ ಅಂಗಿಯ ಮೇಲೆ ಜೊಲ್ಲು, ಕೈಗೆ ತರಚು ಗಾಯ, ಕಾಲಲ್ಲಿ ಎರಡು ಬಗೆಯ ಚಪ್ಪಲಿ. ಆ ಮೇಲೆ ಮಗಳ ಕಡೆ ತಿರುಗಿದ.

“ಪುಷ್ಪಾ, ಇನ್ನೊಂದ್ಸಲ ಯೋಚ್ನೆ ಮಾಡ್ತೀಯೇನವ್ವಾ?”

“ಮಾಡೀನಪ್ಪ” ಎಂದಳು ಪುಷ್ಪಾವತಿ, ಗೋಡೆಗೆ ಒರಗಿಸಿದ್ದ ಚಾಪೆ ಬಿಡಿಸುತ್ತ. “ಹಸಿವಾಗೈತೆ.”